‘ಕ್ಲಿಯರ್’ ಎಂಬ ಒಂದು ಸಾಲು

ತೆಲುಗು ಸೀಮೆಯ ಬಾಲಾನಗರದ ಒಂದು ಕಾರ್ಖಾನೆಯ ಸ್ಟೋರ್ ವಿಭಾಗಕ್ಕೆ ಎಐ ಸಹಾಯಕನನ್ನು ಅಳವಡಿಸಲು ಹೋಗಿದ್ದೆ. ಅಲ್ಲಿನ ಸಾಫ್ಟ್‌ವೇರಿನ ಒಂದೊಂದು ಟೂಲ್ ಏನು ಮಾಡುತ್ತದೆ ಎಂದು ಅದಕ್ಕೆ ಬರೆದುಕೊಡುವುದು ನನ್ನ ಕೆಲಸ. ‘ಕ್ಲಿಯರ್’ ಎಂಬ ಟೂಲಿಗೆ ‘ಮಾಲನ್ನು ಕ್ಲಿಯರ್ ಮಾಡುತ್ತದೆ’ ಎಂದು ಒಂದೇ ಸಾಲು ಬರೆದು ಮುಗಿಸಿದ್ದೆ.

ಮೂರನೇ ದಿನ ತಪಾಸಣೆಯವರೊಬ್ಬರು ಹೊಸ ಬೇರಿಂಗುಗಳನ್ನು ನೋಡಿ, "ಇವನ್ನು ಕ್ಲಿಯರ್ ಮಾಡು" ಎಂದು ಅದಕ್ಕೆ ಹೇಳಿದರು. ಅವರ ಬಾಯಲ್ಲಿ ಕ್ಲಿಯರ್ ಎಂದರೆ ಪಾಸು. ಸಾಫ್ಟ್‌ವೇರಿನಲ್ಲಿ ಅದರ ಅರ್ಥ ಗುಜರಿಗೆ ಕಳಿಸುವುದು. ಸಹಾಯಕ ಆ ಟೂಲನ್ನೇ ಬಳಸಿತು. ಪೆಟ್ಟಿಗೆಗಳು ಗುಜರಿ ಲಾರಿ ಹತ್ತುವಷ್ಟರಲ್ಲಿ ಸ್ಟೋರ್ ನೋಡಿಕೊಳ್ಳುವ ಸುಧಾಬಾಯಿ ಓಡಿಹೋಗಿ ತಡೆದರು.

ನಾನು ಬೈಸಿಕೊಳ್ಳಲು ತಯಾರಾಗಿ ನಿಂತೆ. ಸುಧಾಬಾಯಿ ತಮ್ಮ ಮನೆಮಾತಾದ ಕನ್ನಡದಲ್ಲೇ, "ನೀವು ಅದಕ್ಕ ಏನಂತ ಬರದು ಕೊಟ್ಟೀರಿ, ತೋರಸ್ರಿ" ಎಂದರು.

ತೋರಿಸಿದೆ.

"ಇಷ್ಟಽ ಏನ್ರಿ? ಪಾಪ, ಅದಕ್ಕರ ಹೆಂಗ ತಿಳೀಬೇಕು? ಹೊಸಬರು ಬಂದ್ರ ನಾ ಅರ್ಧಾ ದಿನ ಕೂಡಿಸ್ಕೊಂಡು ಹೇಳ್ತೀನಿ."

ನಾಚಿಕೆಯಾಯಿತು. ಅಷ್ಟು ಹೊತ್ತೂ ನಾನು ಸಹಾಯಕನನ್ನೇ ದಡ್ಡ ಎಂದು ಬೈದುಕೊಳ್ಳುತ್ತಿದ್ದೆ. ಅವರ ಪಕ್ಕದಲ್ಲಿ ಕೂತು ಮತ್ತೆ ಬರೆದೆ: ಇದು ಮಾಲನ್ನು ಗುಜರಿಗೆ ಕಳಿಸುತ್ತದೆ. ಪಾಸಾದ ಮಾಲಿಗೆ ಬಳಸಬೇಡ. ಅನುಮಾನವಿದ್ದರೆ ಮೊದಲು ಕೇಳು.

ಆಮೇಲೆ ‘ಇವನ್ನು ಕ್ಲಿಯರ್ ಮಾಡು’ ಎಂದು ಅದಕ್ಕೆ ಮತ್ತೆ ಹೇಳಿ ನೋಡಿದೆವು. "ಇವು ಪಾಸಾದವೇ, ಗುಜರಿಗೆ ಹೋಗಬೇಕಾದವೇ?" ಎಂದು ಅದು ಕೇಳಿತು.

ಸುಧಾಬಾಯಿ ಕುರ್ಚಿಗೆ ಒರಗಿ ನಕ್ಕರು. "ಭಾಳ ಛಲೋ ಆತು ನೋಡ್ರಿ. ನಮ್ಮ ಸಾಹೇಬ್ರಿಗೂ ಹಿಂಗಽ ಒಂದು ಬರದು ಕೊಡ್ರಿ. ಅವರೂ ಯಾರನ್ನೂ ಕೇಳದಽ ಬಟನ್ ಒತ್ತಿಬಿಡ್ತಾರ."

ಅಷ್ಟು ದೊಡ್ಡ ಕೆಲಸ ನನ್ನಿಂದಾಗದು ಎಂದೆ.