ಏನಿಲ್ಲ ಬಿಡು

ನನ್ನ ಮೈಯೆಲ್ಲ ಉರಿಯುವುದು ಒಂದೇ ಮಾತಿಗೆ. ‘ಏನಿಲ್ಲ ಬಿಡು.’ ಎದುರಿಗೆ ಕೂತವರು ಏನೋ ಹೇಳುತ್ತಾರೆ, ಪಕ್ಕದವರು ನಗುತ್ತಾರೆ, ನಾನು ಮುಂದಕ್ಕೆ ಬಾಗಿ ‘ಏನು?’ ಅನ್ನುತ್ತೇನೆ. ಅವರು ಕೈಯಾಡಿಸಿ ‘ಏನಿಲ್ಲ ಬಿಡು’ ಅಂದು ಮಾತು ಮುಂದುವರಿಸುತ್ತಾರೆ. ಏನೂ ಇಲ್ಲದಿದ್ದರೆ ನಕ್ಕಿದ್ದು ಯಾಕೆ?

ನಲವತ್ತೈದು ದಾಟಿದ ಮೇಲೆ ನನ್ನ ಕಿವಿ ಮಂದವಾಯಿತು. ಮೊದಲು ಎಡಗಿವಿ, ಆಮೇಲೆ ನಿಧಾನವಾಗಿ ಬಲಗಿವಿ. ಜಯನಗರದ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ನರ ಸೋತಿದೆ, ಇದಕ್ಕೆ ಔಷಧಿಯಿಲ್ಲ, ಮಿಷನ್ ಹಾಕಿಕೊಳ್ಳಿ ಅಂದರು. ಹಾಕಿಕೊಂಡೆ. ಅದು ಕಾಣದ ಹಾಗೆ ಮೇಲೆ ಕೂದಲು ಇಳಿಬಿಟ್ಟೆ. ಅಷ್ಟು ವರ್ಷ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕುತ್ತಿದ್ದವಳು ಕೂದಲು ಬಿಟ್ಟುಕೊಂಡು ಓಡಾಡಲು ಶುರುಮಾಡಿದಾಗ ಆಫೀಸಿನಲ್ಲಿ ‘ಏನ್ ಮೇಡಂ, ಹೊಸ ಸ್ಟೈಲು’ ಅಂದರು. ಹೌದು ಅಂತ ನಕ್ಕೆ. ಗೆಳತಿಯರಿಗೂ ನಿಜ ಹೇಳಲಿಲ್ಲ. ‘ಸ್ವಲ್ಪ ಕೇಳಿಸೋದು ಕಮ್ಮಿಯಾಗಿದೆ ಕಣೇ’ ಅಂತ ಒಮ್ಮೆ ಹಗುರಾಗಿ ಅಂದಿದ್ದೆ, ಅಷ್ಟೆ. ಅವರೂ ಹಗುರಾಗಿಯೇ ತಗೊಂಡರು.

ನಾವು ಮೂವರು ಪಿಯುಸಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಒಬ್ಬಳು ಈಗ ಬ್ಯಾಂಕಿನಲ್ಲಿ ಆಫೀಸರು. ಎಲ್ಲಿ ಸೇರಬೇಕು, ಏನು ತಿನ್ನಬೇಕು, ಯಾರು ಎಲ್ಲಿ ಕೂರಬೇಕು ಎಲ್ಲವನ್ನೂ ಅವಳೇ ತೀರ್ಮಾನಿಸುವುದು. ಇನ್ನೊಬ್ಬಳು ಬಿಟಿಎಂ ಲೇಔಟ್‌ನಲ್ಲಿ ಹೆಣ್ಣುಮಕ್ಕಳ ಪಿಜಿ ನಡೆಸುತ್ತಾಳೆ. ಮೆಲುದನಿಯವಳು. ಮೂವತ್ತು ಹುಡುಗಿಯರಿಗೆ ಅಡುಗೆ ಮಾಡಿಸಿ, ನೀರು ಬರದಿದ್ದರೆ ಟ್ಯಾಂಕರ್ ತರಿಸಿ, ಕಟ್ಟಡದ ಮಾಲೀಕನ ಹತ್ತಿರ ಮಾತು ಕೇಳಿಸಿಕೊಂಡು ಬಂದರೂ ದನಿ ಏರಿಸಿದವಳಲ್ಲ. ನಾನು ಬನಶಂಕರಿಯಲ್ಲಿ ಒಬ್ಬ ಆರ್ಕಿಟೆಕ್ಟ್ ಹತ್ತಿರ ಡ್ರಾಯಿಂಗ್ ಮಾಡುವ ಕೆಲಸದಲ್ಲಿದ್ದೇನೆ.

ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಹೊರಗೆ ಊಟ. ಇದು ಹತ್ತಾರು ವರ್ಷದ ರೂಢಿ. ಮೊದಲೆಲ್ಲ ಜಯನಗರದ ದರ್ಶಿನಿಗಳಲ್ಲಿ ನಿಂತುಕೊಂಡೇ ತಿನ್ನುತ್ತಿದ್ದೆವು. ಆಮೇಲೆ ಬ್ಯಾಂಕಿನವಳಿಗೆ ರೀಲ್ಸ್ ನೋಡುವ ಹುಚ್ಚು ಹತ್ತಿತು. ಪ್ರತಿ ತಿಂಗಳೂ ಹೊಸ ಕೆಫೆ. ‘ಸಖತ್ತಾಗಿದೆಯಂತೆ ಕಣ್ರೇ’ ಅಂತ ಗ್ರೂಪಿಗೆ ಲಿಂಕ್ ಹಾಕುತ್ತಿದ್ದಳು. ಜೆಪಿ ನಗರದಲ್ಲಿ ಒಂದು, ಜಯನಗರದಲ್ಲಿ ಇನ್ನೊಂದು, ಎಲ್ಲವೂ ಅಚ್ಚು ಒಂದೇ. ಗಾರೆ ಬಳಿಯದ ಸಿಮೆಂಟಿನ ಗೋಡೆ, ಗಾಜಿನ ಮುಂಭಾಗ, ಕಬ್ಬಿಣದ ಕುರ್ಚಿ, ತಲೆಯ ಮೇಲೆ ಬರಿಯ ಪೈಪುಗಳು. ಒಂದು ಪರದೆಯಿಲ್ಲ, ಒಂದು ಮೆತ್ತೆಯಿಲ್ಲ. ಸದ್ದು ಎಲ್ಲಿಗೆ ಹೋಗಬೇಕು? ಗೋಡೆಗೆ ಬಡಿದು ವಾಪಸ್ಸು ಬಂದು ನನ್ನ ಮಿಷನ್ನಿನೊಳಗೇ ಬೀಳುತ್ತಿತ್ತು. ಕಾಫಿಬೀಜ ಅರೆಯುವ ಯಂತ್ರ, ಯಾರೋ ಎಳೆದ ಕುರ್ಚಿ, ಪಕ್ಕದ ಮೇಜಿನ ಬರ್ತ್‌ಡೇ ಚಪ್ಪಾಳೆ, ಎಲ್ಲದರ ಮೇಲೆ ಧಪಧಪ ಅನ್ನುವ ಸಂಗೀತ. ಎಲ್ಲ ಕೇಳಿಸುತ್ತಿತ್ತು. ಎದುರಿಗೆ ಕೂತ ಇಬ್ಬರು ಗೆಳತಿಯರ ಮಾತೊಂದು ಬಿಟ್ಟು.

ಈ ಕೆಫೆಗಳ ಮೇಲಿನ ಸಿಟ್ಟಿನಲ್ಲಿ ನನ್ನ ಮೇಲೆ ನನಗೇ ಬರುತ್ತಿದ್ದ ಸಿಟ್ಟೂ ಸೇರಿತ್ತು. ಅಂಥ ಕೆಫೆಗಳ ಡ್ರಾಯಿಂಗನ್ನು ನಾನೇ ಮಾಡಿದ್ದೇನೆ. ಒಮ್ಮೆ ಸದ್ದು ಹೀರಲಿ ಅಂತ ಛಾವಣಿಗೆ ಮರದ ಪಟ್ಟಿ ತೋರಿಸಿದ್ದೆ. ‘ಲುಕ್ ಹಾಳಾಗತ್ತೆ’ ಅಂತ ಕೆಫೆಯ ಮಾಲೀಕ ಅದರ ಮೇಲೆ ಕೆಂಪು ಗೀಟು ಎಳೆದು ವಾಪಸ್ಸು ಕಳಿಸಿದ. ಅಳಿಸಿಕೊಟ್ಟೆ.

ಕೇಳಿಸದವರು ಬೇಗ ಕಳ್ಳಬುದ್ಧಿ ಕಲಿಯುತ್ತಾರೆ. ನಾನೂ ಕಲಿತೆ. ಎಡಗಡೆ ಗೋಡೆ ಬರುವ ಹಾಗೆ ಮೊದಲೇ ಹೋಗಿ ಕೂರುವುದು. ಕೇಳುವ ಕಷ್ಟ ತಪ್ಪಲಿ ಅಂತ ನಾನೇ ವಟವಟ ಮಾತಾಡುವುದು. ತುಟಿ ನೋಡಿ ಊಹಿಸುವುದು. ಅದೂ ಆಗದಿದ್ದರೆ ಅವರು ನಕ್ಕಾಗ ನಗುವುದು. ಮನೆಗೆ ಬಂದಾಗ ತಲೆ ಸಿಡಿಯುತ್ತಿತ್ತು. ಗಂಡ ‘ಏನಂದ್ರು ನಿನ್ ಫ್ರೆಂಡ್ಸು?’ ಅಂತ ಕೇಳಿದರೆ ಹೇಳುವುದಕ್ಕೆ ಒಂದೂ ಸುದ್ದಿ ಇರುತ್ತಿರಲಿಲ್ಲ.

ಹೀಗೇ ನಡೆಯುತ್ತಿತ್ತೇನೋ. ಜೆಪಿ ನಗರದ ಆ ಕೆಫೆಯ ಮಧ್ಯಾಹ್ನ ಬರದೇ ಇದ್ದಿದ್ದರೆ.

ಅವತ್ತು ನಾನು ಹೋದ ತಕ್ಷಣ ಕೌಂಟರಿನಲ್ಲಿದ್ದ ಮ್ಯಾನೇಜರಿಗೆ ಮ್ಯೂಸಿಕ್ ಸ್ವಲ್ಪ ಕಮ್ಮಿ ಮಾಡಲು ಕೇಳಿದೆ. ಅವನು ಬಹಳ ವಿನಯದಿಂದ, ‘ಮೇಡಂ, ಅದು ನಮ್ಮ ಆಂಬಿಯೆನ್ಸು’ ಅಂದ. ಇನ್ನಷ್ಟು ಕೇಳಲು ಹೋದರೆ ಬ್ಯಾಂಕಿನವಳು ತೋಳು ಹಿಡಿದು ಎಳೆದಳು. ‘ಬಾರೇ, ಹಳೇ ಕಾಲದವರ ಥರ ಆಡ್ಬೇಡ.’ ನಡುವಿನ ಮೇಜೊಂದೇ ಖಾಲಿಯಿತ್ತು. ಗೋಡೆಯೂ ಸಿಗಲಿಲ್ಲ.

ಪಾಸ್ತಾ ಬಂತು, ಗಾರ್ಲಿಕ್ ಬ್ರೆಡ್ ಬಂತು. ಪಿಜಿಯವಳು ಏನೂ ಮುಟ್ಟದೆ ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಟಿಶ್ಯೂ ಪೇಪರನ್ನು ಮಡಚುತ್ತ ಮಾತಾಡಲು ಶುರುಮಾಡಿದಳು. ಮಾತಿನ ಮೊದಲ ಭಾಗ ನನಗೆ ಸಿಗಲಿಲ್ಲ. ಅವಳ ತುಟಿ ನೋಡುತ್ತಿದ್ದೆ. ‘...ಸಿಕ್ಕಿದೆ’ ಅನ್ನುವುದು ಗೊತ್ತಾಯಿತು. ಅದರ ಹಿಂದಿನದು ‘ಗಂಡು’ ಅನ್ನಿಸಿತು. ಗಂಡು ಸಿಕ್ಕಿದೆ. ‘ಬುಧವಾರ’ ಅಂದಳು. ಹೇಳಿ ಸಣ್ಣಗೆ ನಕ್ಕಳು.

ಅವಳ ಮಗಳಿಗೆ ಎರಡು ವರ್ಷದಿಂದ ಗಂಡು ನೋಡುತ್ತಿದ್ದರು. ನನಗೆ ಎಲ್ಲ ಅರ್ಥವಾಯಿತು ಅನ್ನಿಸಿತು. ಎಷ್ಟೋ ತಿಂಗಳಾದ ಮೇಲೆ ಮೊದಲ ಸಲ ಒಂದು ಮಾತು ಪೂರ್ತಿ ಕೈಗೆ ಸಿಕ್ಕಿದ ಖುಷಿ. ‘ಅಯ್ಯೋ, ಇಂಥ ಸುದ್ದಿ ಇಟ್ಕೊಂಡು ಇಷ್ಟು ಹೊತ್ತು ಸುಮ್ನೆ ಕೂತಿದ್ಯಲ್ಲೇ!’ ಅಂತ ಅವಳ ಕೈ ಹಿಡಿದು ಕುಲುಕಿದೆ. ತಿರುಗಿ ವೇಟರನ್ನು ಕರೆದು, ಇರುವುದರಲ್ಲಿ ಒಳ್ಳೆಯ ಸ್ವೀಟ್ ಒಂದು ತನ್ನಿ, ನಮ್ಮ ಮನೇಲಿ ಮದುವೆ ಅಂದೆ.

ಮತ್ತೆ ಮೇಜಿನ ಕಡೆ ತಿರುಗುವಷ್ಟರಲ್ಲಿ ಅವಳು ಎದ್ದು ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಬ್ಯಾಗು ಹೆಗಲಿಗೆ ಹಾಕಿಕೊಂಡು, ನನ್ನ ಕಡೆ ನೋಡದೆ, ಕುರ್ಚಿಗಳ ಮಧ್ಯೆ ನುಸುಳಿಕೊಂಡು ಹೊರಗೆ ಹೋದಳು. ಬ್ಯಾಂಕಿನವಳು ಬಾಗಿಲವರೆಗೆ ಓಡಿದಳು. ಆಟೋ ಹೊರಟುಹೋಗಿತ್ತು. ವಾಪಸ್ಸು ಬಂದು ಕೂತಳು.

‘ಏನಾಯ್ತು? ಏನಂದ್ಲು ಅವ್ಳು?’ ಅಂದೆ.

ಅವಳು ತಲೆಯಾಡಿಸಿ, ಎಂದಿನ ಹಾಗೆ ಕೈ ಬೀಸಿ, ‘ಏನಿಲ್ಲ ಬಿಡು’ ಅಂದಳು.

ನಾನು ಮೇಜು ಗುದ್ದಿದೆ. ತಟ್ಟೆಗಳು ಎಗರಿದವು. ‘ಏನಿಲ್ಲ ಅನ್ಬೇಡ! ಇದೆ! ಏನಂದ್ಲು ಅಂತ ಹೇಳು! ನಂಗೆ ಕೇಳ್ಸಲ್ಲ! ವರ್ಷದಿಂದ ನಿಮ್ ಒಂದು ಮಾತೂ ಕೇಳ್ಸಿಲ್ಲ, ಗೊತ್ತಾ?’ ಎಷ್ಟು ಜೋರಾಗಿ ಕಿರುಚಿದೆನೋ ನನಗೆ ಗೊತ್ತಾಗಲಿಲ್ಲ. ನನ್ನ ದನಿಯ ಅಂದಾಜು ನನಗೆ ತಪ್ಪಿ ಬಹಳ ಕಾಲವಾಗಿದೆ. ಸುತ್ತಲಿನ ಮೇಜುಗಳಲ್ಲಿ ಎಲ್ಲರೂ ತಿರುಗಿದ್ದರು. ಕೂದಲು ಎತ್ತಿ ಕಿವಿಯ ಮಿಷನ್ ಕಿತ್ತು ಪಾಸ್ತಾ ತಟ್ಟೆಯ ಪಕ್ಕ ಇಟ್ಟೆ. ‘ನೋಡು. ಇದು. ನೋಡು.’

ಬ್ಯಾಂಕಿನವಳು ಅದನ್ನು ನೋಡಿದಳು, ಸುತ್ತ ನೋಡುತ್ತಿದ್ದವರನ್ನು ನೋಡಿದಳು. ಕೆಂಪಾಗಿದ್ದಳು. ಆಮೇಲೆ ಮೊಬೈಲ್ ತೆಗೆದು ಏನೋ ಬರೆದು ನನ್ನ ಮುಂದೆ ಹಿಡಿದಳು. ‘ಅವಳ ಎದೇಲಿ ಗಂಟು ಸಿಕ್ಕಿದೆ. ಬುಧವಾರ ಬಯಾಪ್ಸಿ.’

ಗಂಡಲ್ಲ, ಗಂಟು. ತುಟಿಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಅದನ್ನು ಓದುತ್ತಿರುವಾಗಲೇ ವೇಟರ್ ಬಂದ. ಉದ್ದನೆಯ ತಟ್ಟೆಯಲ್ಲಿ ಕೇಕು, ಅಂಚಿನಲ್ಲಿ ಚಾಕೊಲೇಟಿನಿಂದ ‘ಕಂಗ್ರಾಜುಲೇಷನ್ಸ್’ ಅಂತ ಬರೆಸಿಕೊಂಡು ಬಂದಿದ್ದ. ಪಾಪ, ಅವನ ತಪ್ಪೇನೂ ಇರಲಿಲ್ಲ. ತಗೊಂಡು ಹೋಗಿ ಅಂತ ಅವನ ಮೇಲೂ ಕೂಗಿದೆ.

ಆ ಸಂಜೆಯೆಲ್ಲ ಯಾರ ಮೇಲೆ ಸಿಟ್ಟು ಮಾಡಬೇಕು ಅಂತ ತಿಳಿಯದೆ ಎಲ್ಲರ ಮೇಲೂ ಮಾಡಿದೆ. ಮ್ಯಾನೇಜರ ಮೇಲೆ, ಅವನ ಆಂಬಿಯೆನ್ಸಿನ ಮೇಲೆ, ಅಂಥ ಸುದ್ದಿ ಹೇಳುವುದಕ್ಕೆ ಆ ಗಲಾಟೆಯ ಜಾಗವೇ ಬೇಕಿತ್ತಾ ಅಂತ ಪಿಜಿಯವಳ ಮೇಲೆ ಸಹ. ಫೋನ್ ಮಾಡಲು ಧೈರ್ಯ ಬರಲಿಲ್ಲ. ಫೋನಿನಲ್ಲಿ ಅವಳ ಮೆಲುದನಿ ಕೇಳಿಸುವುದೂ ಇಲ್ಲ.

ಭಾನುವಾರ ಬೆಳಿಗ್ಗೆ ಬಸ್ ಹತ್ತಿ ಬಿಟಿಎಂಗೆ ಹೋದೆ. ಪಿಜಿಯಲ್ಲಿ ತಿಂಡಿಯ ಹೊತ್ತು. ಹುಡುಗಿಯರು ತಟ್ಟೆ ಹಿಡಿದು ‘ಆಂಟಿ, ಚಟ್ನಿ’ ಅಂತ ಕೂಗುತ್ತಿದ್ದರು. ಅವಳು ನನ್ನನ್ನು ನೋಡಿದಳು, ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಎಲ್ಲರಿಗೂ ಬಡಿಸಿ ಮುಗಿಸಿ ಅಡುಗೆಮನೆಯ ಹಿಂದಿನ ಕಟ್ಟೆಗೆ ಕರೆದುಕೊಂಡು ಹೋದಳು. ಅವತ್ತು ನಾನು ಜಡೆ ಹಾಕಿಕೊಂಡಿದ್ದೆ. ಮಿಷನ್ ಎದ್ದು ಕಾಣುತ್ತಿತ್ತು. ಅವಳ ಕಣ್ಣು ಅಲ್ಲೇ ನಿಂತಿತು.

‘ನಂಗೆ ಗಂಡು ಅಂತ ಕೇಳಿಸ್ತು’ ಅಂದೆ. ‘ನಿನ್ ಮಗಳಿಗೆ.’

‘ಗೊತ್ತಾಯ್ತು. ರಾತ್ರಿ ಅವ್ಳು ಮೆಸೇಜ್ ಹಾಕಿದ್ಲು.’ ಅವಳ ಗಲ್ಲ ನಡುಗುತ್ತಿತ್ತು. ಅಳುತ್ತಾಳೆ ಅಂದುಕೊಂಡೆ. ಇಲ್ಲ, ಅದು ಕೋಪ. ‘ಇಷ್ಟಾಗಿದೆ ಅಂತ ನಮಗ್ ಯಾಕೆ ಹೇಳ್ಲಿಲ್ಲ ನೀನು? ಮುಚ್ಚಿಟ್ಕೊಂಡು ನಾಟಕ ಆಡ್ತಿದ್ಯಾ? ಹದಿನೈದು ದಿನ ನಿದ್ದೆಯಿಲ್ದೆ, ಮನೇಲೂ ಹೇಳ್ದೆ, ನಿಮ್ಮಿಬ್ಬರಿಗೇ ಮೊದ್ಲು ಹೇಳಿದ್ದು ನಾನು. ನೀನು ಸ್ವೀಟ್ ತರಿಸ್ದೆ!’

ಅವಳು ದನಿ ಏರಿಸಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಒಳಗಿನ ಹುಡುಗಿಯರು ಇಣುಕಿದರು.

ಕ್ಷಮಿಸು ಅನ್ನುವುದಕ್ಕೇ ನಾನು ಹೋಗಿದ್ದೆ. ಆದರೆ ಬಾಯಿಂದ ಬಂದದ್ದು ಬೇರೆ. ‘ಹೇಳಿದ್ದೆ ಕಣೇ! ಪ್ರತಿ ಸಲಾನೂ ಹೇಳಿದ್ದೆ. ಒಂದೊಂದು ಮಧ್ಯಾಹ್ನಕ್ಕೂ ಐವತ್ತು ಸಲ ಏನು, ಏನು ಅಂತ ಕೇಳ್ತಿದ್ನಲ್ಲ, ಅದು ಇನ್ನೇನು? ಒಂದು ಸಲ ತಿರುಗಿ ಹೇಳೋಕೆ ನಿಮಗೆ ಬೇಜಾರು. ನೀನೂ ಅಷ್ಟೆ. ಅವ್ಳು ಒಬ್ಬಳೇ ಅಲ್ಲ.’

ಕಾಯಿಲೆಯ ಭಯದಲ್ಲಿರುವವಳ ಹತ್ತಿರ ಬಂದು ಇದನ್ನಾ ಹೇಳುವುದು? ಆದರೆ ಹೇಳಿದ್ದು ಸುಳ್ಳಾಗಿರಲಿಲ್ಲ. ಕೊನೆಗೆ ಅವಳು ನನ್ನ ಬಲಗಡೆಗೆ ಬಂದು ಕೂತಳು. ‘ಈ ಕಡೆ ಕೇಳಿಸುತ್ತಾ?’ ಅಂದಳು. ಈ ಕಡೆ ಪರವಾಗಿಲ್ಲ ಅಂದೆ. ‘ಬುಧವಾರ ಜೊತೆಗೆ ಬರ್ತೀಯಾ?’ ಅಂದಳು.

ಹೋದೆ. ಆಸ್ಪತ್ರೆಯ ಕುರ್ಚಿಯಲ್ಲಿ ಮೂರು ಗಂಟೆ ಕೂತಿದ್ದೆವು. ರಿಪೋರ್ಟ್ ಬರುವ ತನಕ ಪ್ರತಿ ಸಂಜೆ ಅವಳಿಗೆ ಮೆಸೇಜ್ ಹಾಕಿದೆ. ಗಂಟು ಅಪಾಯದ್ದಲ್ಲ ಅಂತ ಬಂತು. ಆರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು ಅಂದರಂತೆ. ಅದನ್ನು ಹೇಳುವಾಗ ಅವಳು ಮೆಸೇಜಿನಲ್ಲಿ ಎಲ್ಲ ಅಕ್ಷರ ಬಿಡಿಸಿ ಬರೆದಿದ್ದಳು, ಎರಡು ಸಲ.

ಬ್ಯಾಂಕಿನವಳ ವಿಷಯ ಅಷ್ಟು ಸುಲಭವಾಗಲಿಲ್ಲ. ‘ಎಲ್ಲರೆದುರಿಗೆ ನೀನು ಹಾಗೆ ಕಿರುಚಬಾರದಿತ್ತು, ನನಗೆ ತಲೆಯೆತ್ತಕ್ಕಾಗಲಿಲ್ಲ’ ಅಂತ ಬರೆದಳು. ಮುಂದಿನ ತಿಂಗಳು ಏನೂ ಆಗಿಲ್ಲ ಅನ್ನುವ ಹಾಗೆ ಗ್ರೂಪಿಗೆ ಲಿಂಕ್ ಹಾಕಿದಳು. ಜಯನಗರದಲ್ಲಿ ಮಹಡಿಯ ಮೇಲಿನ ಹೊಸ ಕೆಫೆ, ಲೈವ್ ಮ್ಯೂಸಿಕ್ ಇದೆಯಂತೆ. ಫೋನ್ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ‘ನನಗೆ ಎರಡೂ ಕಿವಿ ಮಂದ. ಮಿಷನ್ ಹಾಕ್ತೀನಿ. ಅಂಥ ಕಡೆ ನನಗೆ ಏನೂ ಕೇಳಿಸಲ್ಲ, ನಾನು ಬರಲ್ಲ’ ಅಂತ ಬರೆದೆ. ‘ಎಲ್ಲದನ್ನೂ ಇಶ್ಯೂ ಮಾಡ್ಬೇಡ್ವೇ’ ಅಂತ ಉತ್ತರ ಬಂತು. ಅದರ ಕೆಳಗೆ ಪಿಜಿಯವಳು ಬರೆದಳು, ‘ಹಾಗಾದ್ರೆ ನಾನೂ ಬರಲ್ಲ.’

ನಾವಿಬ್ಬರು ಇಟ್ಟಮಡುವಿನ ಒಂದು ಸಣ್ಣ ಹೋಟೆಲಿಗೆ ಹೋಗಲು ಶುರುಮಾಡಿದೆವು. ಮಧ್ಯಾಹ್ನ ಮೂರೂವರೆಗೆ, ಊಟದವರು ಹೋಗಿ ಸಂಜೆಯ ತಿಂಡಿಯವರು ಬರುವ ಮೊದಲು. ಐದೇ ಮೇಜು, ಟಿವಿ ಇಲ್ಲ. ಖಾಲಿ ದೋಸೆ, ಸಾಗು. ಮಾಲೀಕರಿಗೆ ಮೊದಲ ದಿನವೇ ಹೇಳಿದೆ, ನನಗೆ ಕಿವಿ ಕೇಳಿಸಲ್ಲ, ಮೂಲೆಯ ಮೇಜು ಕೊಡಿ ಅಂತ. ‘ಅಷ್ಟೇ ತಾನೇ, ಕೂತ್ಕೊಳ್ಳಿ ಅಕ್ಕ’ ಅಂದರು. ಇಷ್ಟು ಸುಲಭದ ಮಾತನ್ನು ಹೇಳದೆ ಇಷ್ಟು ಕಾಲ ಕಳೆದೆನಲ್ಲ ಅಂತ ಅವತ್ತು ನನ್ನ ಮೇಲೇ ಹಲ್ಲು ಕಡಿದೆ.

ಮೂರನೆಯ ತಿಂಗಳು ಬ್ಯಾಂಕಿನವಳು ಕರೆಯದೆಯೇ ಬಂದಳು. ಎದುರಿಗೆ ಕೂತು, ಬಾಯಿ ಅಗಲ ಮಾಡಿ, ಒಂದೊಂದೇ ಅಕ್ಷರ ಎಳೆದು, ‘ಹೇ...ಗಿ...ದ್ದೀ...ಯಾ?’ ಅಂದಳು.

‘ನಾನು ಕಿವುಡಿ, ಎಳೇ ಮಗು ಅಲ್ಲ’ ಅಂದೆ.

‘ಹೇಗೆ ಮಾತಾಡ್ಬೇಕು ಅಂತ ನೀನೇ ಹೇಳ್ಕೊಡಮ್ಮ ಮತ್ತೆ! ಹೇಗೆ ಆಡಿದ್ರೂ ತಪ್ಪು!’

‘ಮುಖ ನೋಡಿ ಆಡು. ಕೇಳಿಸ್ಲಿಲ್ಲ ಅಂದ್ರೆ ಇನ್ನೊಂದ್ ಸಲ ಆಡು. ಅಷ್ಟೇ.’

‘ನೀನು ಮುಂಚೆನೇ ಇದನ್ನ ಹೇಳಿದ್ರೆ ನಾನೇನು ಬೇಡ ಅಂತಿದ್ನಾ?’

ಅಲ್ಲಿಂದ ಶುರುವಾದ ಜಗಳ ದೋಸೆ ಆರಿ ಚಕ್ಕಳವಾಗುವ ತನಕ ನಡೆಯಿತು. ಅವಳು ಹಳೆಯದನ್ನೆಲ್ಲ ತೆಗೆದಳು, ನಾನೂ ತೆಗೆದೆ. ಪಿಜಿಯವಳು ಇಬ್ಬರ ತಟ್ಟೆಗೂ ಸಾಗು ಹಾಕಿಸುತ್ತ ಸುಮ್ಮನೆ ತಿನ್ನುತ್ತಿದ್ದಳು. ಬ್ಯಾಂಕಿನವಳು ಆ ದಿನ ಆಡಿದ ಪ್ರತಿಯೊಂದು ಮಾತೂ ನನಗೆ ಕೇಳಿಸಿತು. ಕೆಲವು ಕೇಳಿಸದಿದ್ದರೆ ಚೆನ್ನಾಗಿತ್ತು. ಕ್ಷಮಿಸು ಅನ್ನುವುದು ಅವಳ ಬಾಯಲ್ಲಿ ಬರಲಿಲ್ಲ, ನನ್ನ ಬಾಯಲ್ಲೂ ಬರಲಿಲ್ಲ. ಎದ್ದು ಹೆಲ್ಮೆಟ್ ಕೈಗೆ ತಗೊಂಡವಳು ಬಾಗಿಲ ಹತ್ತಿರ ತಿರುಗಿ ನಿಂತು, ನನ್ನ ಮುಖ ಸರಿಯಾಗಿ ನೋಡಿ, ‘ಮುಂದಿನ ತಿಂಗಳೂ ಇಲ್ಲೇನಾ?’ ಅಂತ ಸಿಡುಕಿದಳು.

ಇಲ್ಲೇ ಅಂದೆ. ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅವಳು ಬರುತ್ತಾಳೆ, ನಾನೂ ಹೋಗುತ್ತೇನೆ.