ಬಿಸಿಲಿಗಿಟ್ಟ ಮುಖ

ಅಣ್ಣನಿಗೆ ಪಾರ್ಶ್ವವಾಯು ಬಡಿದದ್ದು ಕಳೆದ ಮಳೆಗಾಲದಲ್ಲಿ. ಮುಖದ ಎಡಭಾಗ ಮರಗಟ್ಟಿತು. ಬಲಗೈ ಉಳಿಯಿತು, ನಡುಗುತ್ತ. ಬಯಲಾಟದ ಮೇಳದಲ್ಲಿ ರಾಕ್ಷಸನ ವೇಷ ಕಟ್ಟಿ ಮೂರು ತಲೆಮಾರಿನ ಮಕ್ಕಳನ್ನು ಹೆದರಿಸಿ ಅಳಿಸಿದ ಮನುಷ್ಯ, ಈಗ ಉಂಡ ಗಂಜಿ ತುಟಿಯಂಚಿನಿಂದ ಜಾರಿದರೂ ತಿಳಿಯದೆ ಕೂರುತ್ತಿದ್ದ. ನಾನು ನಿವೃತ್ತ ಡ್ರಾಯಿಂಗ್ ಮಾಸ್ಟರು. ಸಾಲಿಗ್ರಾಮದ ಅವನ ಮನೆಗೆ ದಿನಾ ಹೋಗುತ್ತಿದ್ದೆ, ಎದುರು ಕೂರುತ್ತಿದ್ದೆ, ಬರುತ್ತಿದ್ದೆ. ಏನೂ ಅನ್ನಿಸುತ್ತಿರಲಿಲ್ಲ.

ನಾವುಂದದಲ್ಲಿ ವೇಷಗಾರಿಕೆ ಕಲಿಯುತ್ತಿದ್ದ ನಾಲ್ವರು ಫೋನ್ ಮಾಡಿ, ಹತ್ತು ದಿನ ಬಿಟ್ಟು ಬರುತ್ತೇವೆ, ಚುಟ್ಟಿಯ ಕ್ರಮ ತೋರಿಸಬೇಕು ಎಂದರು. ಚುಟ್ಟಿ ಎಂದರೆ ಅಕ್ಕಿಹಿಟ್ಟು, ಸುಣ್ಣ ಕಲಸಿ ರಾಕ್ಷಸನ ಮುಖದ ಮೇಲೆ ಎಬ್ಬಿಸುವ ಬಿಳಿಮುಳ್ಳುಗಳ ಸಾಲು. ಅಣ್ಣನ ಸಾಲುಗಳು ಅವನ ಗುರುಗಳಿಂದ ಬಂದವು. ಗುರುಗಳು ಈಗಿಲ್ಲ, ಬೇರೆ ಯಾರಿಗೂ ಗೊತ್ತಿಲ್ಲ. ಫೋಟೋಗಳಲ್ಲಿ ಕಿರೀಟ ಚೆನ್ನಾಗಿ ಬಂದಿದೆ, ಮುಳ್ಳು ಬಂದಿಲ್ಲ.

ಕುಂದಾಪುರದ ಸ್ಟೇಷನರಿ ಅಂಗಡಿಯಲ್ಲಿ ಸುಡದೆ ಗಾಳಿಗೇ ಒಣಗುವ ಮಣ್ಣು ಸಿಗುತ್ತದೆ. ಅವರಿಗೆ ತೋರಿಸಲು ಮುಖದ ಮಾದರಿ ಮಾಡಿಡೋಣವೆಂದು ಎರಡು ಪ್ಯಾಕೆಟ್ ತಂದೆ. ಬೋಗುಣಿ ಕವುಚಿ, ಮೇಲೆ ಪೇಪರ್ ಉಂಡೆ ಮಾಡಿ ಮೂಗು-ಗಲ್ಲ ಎಬ್ಬಿಸಿ, ಪ್ಲಾಸ್ಟಿಕ್ ಹೊದೆಸಿ, ಅತ್ತಿಗೆಯ ಲಟ್ಟಣಿಗೆಯಲ್ಲಿ ಮಣ್ಣು ಲಟ್ಟಿಸಿ ಹಾಸಿದೆ. ಅಣ್ಣ ತೊದಲುತ್ತ ಹೇಳಿದ, ನಾನು ಮುಳ್ಳು ಎಬ್ಬಿಸಿದೆ. ಅವನಿಗೆ ಆಯಾಸವಾಗಿ ನಾಲ್ಕು ಸಲ ನಿಲ್ಲಿಸಬೇಕಾಯಿತು. ನೆರಳಿನಲ್ಲಿ ನಿಧಾನ ಒಣಗಿಸಬೇಕೆಂದು ಪ್ಯಾಕೆಟ್ಟಿನ ಮೇಲೆ ಬರೆದಿತ್ತು. ಓದಿ, ಆ ಜ್ಞಾನವನ್ನು ಯಾರಿಗೂ ಹಂಚದೆ ಮನೆಗೆ ಹೋದೆ.

ಮರುದಿನ ಬಂದರೆ ಅಂಗಳದಲ್ಲಿ, ಸಂಡಿಗೆಯ ಚಾಪೆಯ ನಡುವೆ, ರಾಕ್ಷಸ ಆಕಾಶ ನೋಡುತ್ತ ಮಲಗಿದ್ದ. ಕಾಗೆ ಬಾರದ ಹಾಗೆ ಪಕ್ಕದಲ್ಲಿ ಕಪ್ಪು ಕೊಡೆಯನ್ನೂ ಬಿಡಿಸಿಟ್ಟಿದ್ದರು. ರಾಜಮರ್ಯಾದೆಗೆ ಕೊರತೆ ಇರಲಿಲ್ಲ. ಹಣೆಯಿಂದ ಗಲ್ಲದವರೆಗೆ ಬಿರುಕು. ಮುಳ್ಳುಗಳು ಕಳಚಿ ಸಂಡಿಗೆಯೊಳಗೆ ಬೆರೆತಿದ್ದವು.

"ಇದನ್ನ್ ಬಿಸ್ಲಿಗ್ ಇಟ್ಟದ್ದ್ ಯಾರ್ ಅತ್ಗೆ?"

"ನಾನೇ. ಚಂಡಿ ಇದ್ದದ್ದನ್ನ್ ಬಿಸ್ಲಿಗ್ ಹಾಕ್ದೆ ಮತ್ತೆಂತ ಮಾಡೂದ್? ನೆರ್ಳಲ್ಲಿ ಒಣ್ಗ್ಸುಕೆ ಅದೆಂತ ರೇಷ್ಮೆ ಸೀರೆಯಾ?"

ಚಂಡಿ ಎಂದರೆ ಇಲ್ಲಿ ಒದ್ದೆ. ಹಪ್ಪಳ, ಹುಣಸೆ, ಮೀನು, ಹಾಸಿಗೆ, ಈ ಕರಾವಳಿಯಲ್ಲಿ ಒದ್ದೆಯಾದದ್ದೆಲ್ಲ ಅಂಗಳಕ್ಕೇ ಹೋಗುವುದು. ತಪ್ಪು ನನ್ನದು. ಮೂವತ್ತು ವರ್ಷ ಮಕ್ಕಳಿಗೆ ಮೊದಲು ಸ್ಕೆಚ್ ಮಾಡಿ ಎಂದು ಬೆತ್ತ ತೋರಿಸಿದವನು ಒಂದು ಗೆರೆಯನ್ನೂ ಬರೆದಿಟ್ಟಿರಲಿಲ್ಲ. ಬೇಸರವಾಗಬೇಕಿತ್ತು. ಕಾಫಿ ಕುಡಿದೆ. ಸಕ್ಕರೆ ಕಮ್ಮಿ ಇದ್ದದ್ದು ಮಾತ್ರ ಗೊತ್ತಾಯಿತು.

ಅತ್ತಿಗೆ ಸಂಡಿಗೆಯಿಂದ ಮುಳ್ಳುಗಳನ್ನು ಹೆಕ್ಕಿ ಬಿದಿರಿನ ಗೆರಸಿಯಲ್ಲಿ ತಂದಿಟ್ಟರು. "ಜೊತಿಗ್ ಎರ್ಡ್ ಮೂರ್ ಸಂಡ್ಗಿಯೂ ಬಂದಿರೂಕ್ ಸಾಕ್" ಎಂದರು.

ಅಣ್ಣನನ್ನು ಕೇಳಿದೆ: "ಹುಬ್ಬಿನ್ ಮೇಲ್ ಎಷ್ಟ್ ಮುಳ್ಳ್ ಅಂದಿದ್ದೆ ನಿನ್ನೆ?"

"ನೆನ್ಪಿಲ್ಲ."

"ಗಲ್ಲದಲ್ಲಿ?"

"ಬಾಯಂಗ್ ಹೇಳುಕಾತಿಲ್ಲ ಮಾರಾಯ. ನಿನ್ನೆ ಸುಮಾರಿಗ್ ಹೇಳ್ದೆ."

ಸುಮಾರಿಗೆ. ಬಿರಿದದ್ದು ಹಾಗಾದರೆ ತಪ್ಪು ರಾಕ್ಷಸ.

ಅಣ್ಣ ಕನ್ನಡಿ ಕೇಳಿದ. ಕಾಯಿಲೆಯ ನಂತರ ಅವನು ಕನ್ನಡಿ ನೋಡಿದ್ದು ನಾನು ಕಂಡಿರಲಿಲ್ಲ. ಅತ್ತಿಗೆ ಎದುರು ಹಿಡಿದು ನಿಂತರು. ಬಲಗೈಯ ತೋರುಬೆರಳು ಮೂಗಿನ ಬುಡದಿಂದ ಹೊರಟಿತು. ಹುಬ್ಬಿನ ಮೇಲೆ ಒತ್ತಿ, ಎತ್ತಿ, ಮತ್ತೆ ಒತ್ತಿ, ಕೆನ್ನೆಯಲ್ಲಿ ಬಾಗಿ, ಗಲ್ಲಕ್ಕಿಳಿಯಿತು. ಅವನು ಒತ್ತಿದಲ್ಲೆಲ್ಲ ನಾನು ಅಕ್ಕಿಹಿಟ್ಟಿನ ಬೊಟ್ಟು ಇಟ್ಟೆ. ಹುಬ್ಬಿನ ಮೇಲೆ ಒಂಬತ್ತಾಯಿತು. ನಿನ್ನೆ ಏಳು ಮಾಡಿದ್ದೆ.

ಬೆರಳು ಗಲ್ಲದ ನಡುವಿಗೆ ಬಂದು ನಿಂತಿತು.

"ಆಚಿ ಬದಿ ಗೊತ್ತಾತಿಲ್ಲ. ನೀನೇ ಮಾಡ್, ಇದನ್ನೇ ಕಂಡ್."

ಎಡಗೆನ್ನೆಯ ಮೇಲೆ ಬೊಟ್ಟಿಟ್ಟೆ. ಹಿಟ್ಟು ತಣ್ಣಗಿತ್ತು, ಅವನು ರೆಪ್ಪೆ ಬಡಿಯಲಿಲ್ಲ. ಮುಗಿದ ಮೇಲೆ ಎಣಿಸಿ ಬರೆದುಕೊಂಡೆ, ಅತ್ತಿಗೆ ಬಿಸಿನೀರಲ್ಲಿ ಮುಖ ಒರೆಸಿದರು.

ಎರಡನೆಯ ಪ್ಯಾಕೆಟ್ ಒಡೆದೆವು. ಈ ಮುಖ ಅಣ್ಣನ ಮಂಚದಡಿ, ಅಡಿಕೆ ಹಾಳೆಯ ಮೇಲೆ, ಆರು ದಿನ ಒಣಗಿತು. ನಾವುಂದದವರು ಬಂದಾಗ ಒಳಬದಿ ಇನ್ನೂ ತುಸು ಹಸಿ. ಮುಟ್ಟಬೇಡಿ ಎಂದೆ. ಅವರು ನೆಲದಲ್ಲಿ ಕೂತು, ಮುಳ್ಳು ಎಣಿಸಿ, ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದರು. ಅಣ್ಣ ಮಂಚದ ಮೇಲಿಂದ ಅವರ ಪುಸ್ತಕಗಳನ್ನು ನೋಡುತ್ತಿದ್ದ.

"ಒಂಬತ್ತ್" ಎಂದು ಹುಬ್ಬಿಗೆ ಎಂಟು ಬರೆದವನಿಗೆ ಹೇಳಿದ. "ಎಂಟಲ್ಲ. ಸಮಾ ಎಣ್ಸ್."