ಕಾಳು ತಿನ್ನುವ ಮೀನು

ಅವ್ವ ಧಾರವಾಡದಿಂದ ನಮ್ಮ ಡೊಂಬಿವಲಿಯ ಫ್ಲ್ಯಾಟಿಗೆ ಬಂದು ನಿಂತ ದಿನದಿಂದ ನನ್ನ ಹೆಂಡತಿ ಮನೆಯಲ್ಲಿ ಮೀನು ಬೇಯಿಸುವುದನ್ನು ನಿಲ್ಲಿಸಿದಳು. ನಿಲ್ಲಿಸು ಎಂದು ಯಾರೂ ಹೇಳಿರಲಿಲ್ಲ. ನಮ್ಮದು ಲಿಂಗಪೂಜೆಯ ಮನೆ. ಅವಳು ಉಡುಪಿಯ ಕಡೆಯವಳು, ಬಂಗುಡೆ ಸಾರಿಲ್ಲದ ಭಾನುವಾರವನ್ನು ಕಂಡು ಬೆಳೆದವಳಲ್ಲ. ಹೊರಗೆ ಹೋಟೆಲಿನಲ್ಲಾದರೂ ತಿನ್ನು ಎಂದರೆ, "ತಿಂದ ಬಾಯಲ್ಲಿ ಬಂದು ಅತ್ತೆ ಎದುರು ಕೂತ್ಕೊಳ್ಳಿಕ್ಕೆ ನಂಗೆ ಮನಸ್ಸು ಬರುದಿಲ್ಲ ಮಾರಾಯ್ರೆ" ಎನ್ನುತ್ತಿದ್ದಳು. ವರ್ಷಕ್ಕೊಮ್ಮೆ ತವರಿಗೆ ಹೋದಾಗ ತಿಂದದ್ದೇ ಬಂತು. ನಾನು ಮಾತ್ರ ಗೆಳೆಯರೆದುರು, ಅಡಕತ್ತರಿಯಲ್ಲಿ ಸಿಕ್ಕ ಅಡಕೆ ನಾನು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಸುಳ್ಳು. ಕತ್ತರಿಗೆ ಸಿಕ್ಕಿದ್ದವಳು ಅವಳೊಬ್ಬಳೇ.

ಹೀಗೆ ಎರಡು ವರ್ಷ ಕಳೆದ ಮೇಲೆ ನನಗೊಂದು ಘನವಾದ ಉಪಾಯ ಹೊಳೆಯಿತು. ಘೋಡಬಂದರ್ ರಸ್ತೆಯ ಸಹೋದ್ಯೋಗಿಯೊಬ್ಬ ಮನೆಯಲ್ಲಿ ಉಪ್ಪುನೀರಿನ ಪುಟ್ಟ ತೊಟ್ಟಿ ಇಟ್ಟಿದ್ದ. ಒಳಗೆ ಕಲ್ಲು, ಹವಳ, ಮೀನು. ನಮ್ಮ ಮನೆಗೂ ಸಮುದ್ರದ ಒಂದು ಚೂರು ತಂದರೆ ಇವಳಿಗೆ ಖುಷಿಯಾದೀತು ಎಂದುಕೊಂಡೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಉಪವಾಸ ಇದ್ದವಳಿಗೆ ಪಾಯಸದ ಫೋಟೊ ತೋರಿಸಿದ ಹಾಗಾಯ್ತು!" ಆದರೆ ಬೇಡ ಎನ್ನಲಿಲ್ಲ.

ಮೀನು ಬಿಡುವ ಮೊದಲು ತೊಟ್ಟಿಯ ನೀರು ಹದಕ್ಕೆ ಬರಬೇಕಂತೆ, ಆರು ವಾರ ಬರೀ ನೀರು, ಕಲ್ಲು. "ಉಪ್ಪಿನ ನೀರು ನೋಡಕೋತ ಕೂಡತಾನಲ್ಲವಾ ನಿನ್ನ ಗಂಡ" ಎಂದು ಅವ್ವ ಸೊಸೆಯ ಹತ್ತಿರ ಗೇಲಿ ಮಾಡಿದಳು. ಇಂಥ ಮೀನುಗಳಿಗೆ ಸೀಗಡಿಯನ್ನು ಮಂಜುಗಟ್ಟಿಸಿ ಇಟ್ಟು ತಿನ್ನಿಸುತ್ತಾರೆ ಎಂದು ಅವ್ವನ ಕಿವಿಗೆ ಬಿದ್ದಿತ್ತು. "ಫ್ರಿಜ್ಜಿನ್ಯಾಗ ಅಂಥಾದ್ದು ಇಡಬ್ಯಾಡ್ರಿ ಮತ್ತ. ನನ್ನ ಮಸರು ಅಲ್ಲೇ ಇರತದ." ಅದೊಂದೇ ಅವಳ ಷರತ್ತು.

ಕಲ್ಯಾಣದ ಅಂಗಡಿಯಲ್ಲಿ ನನ್ನ ಕಣ್ಣು ಹಳದಿ ಬಣ್ಣದ, ಚಿಟ್ಟೆಯಂತಹ ಮೀನೊಂದರ ಮೇಲೆ ಬಿತ್ತು. ಹೆಂಡತಿ ಮಾರ್ಕೆಟಿನಲ್ಲಿ ಕಿವಿರು ಎತ್ತಿ ನೋಡಿಯೇ ಮೀನು ಕೊಳ್ಳುತ್ತಿದ್ದವಳು. ಗಾಜಿಗೆ ಮುಖ ತಂದು, "ಬಣ್ಣ ನೋಡಿ ಮರುಳಾಗ್ಬೇಡಿ. ಹೊಟ್ಟೆ ಒಳಗೆ ಹೋಗಿದೆ, ಉಸಿರು ನೋಡಿ ಎಷ್ಟು ಜೋರುಂಟು" ಎಂದಳು. ಅಂಗಡಿಯವನು ಒಳ್ಳೆಯವನು, ಒಪ್ಪಿಕೊಂಡ. "ಸಮುಂದರ್ ಸೇ ಪಕಡಾ ಹುವಾ ಹೈ ಭಾಬೀ, ದಾನಾ ನಹೀ ಖಾತಾ." ಸಮುದ್ರದಲ್ಲಿ ಹಿಡಿದದ್ದು ಡಬ್ಬಿಯಲ್ಲಿ ಸಿಗುವ ಒಣ ಕಾಳು ಮುಟ್ಟದೆ ಸಾಯುವುದೇ ಹೆಚ್ಚಂತೆ. ತೊಟ್ಟಿಯಲ್ಲೇ ಹುಟ್ಟಿ ಬೆಳೆದದ್ದು ಹಾಗಲ್ಲ. ಅವನು ತೋರಿಸಿದ್ದು ಕಿತ್ತಳೆ ಮೈಯ, ಬೆರಳುದ್ದವೂ ಇಲ್ಲದ ಎರಡು ಕ್ಲೌನ್ ಮೀನು. ಒಂದರ ಬಿಳಿ ಪಟ್ಟಿ ಅರ್ಧಕ್ಕೇ ನಿಂತಿತ್ತು. ನಾನು ಮೂಗು ಮುರಿದೆ. ಅವಳು ಕೇಳಲಿಲ್ಲ, ನಮ್ಮೆದುರೇ ತಿನ್ನಿಸಲು ಹೇಳಿದಳು. ಎರಡೂ ಓಡೋಡಿ ಬಂದು ಕಾಳು ಹೆಕ್ಕಿದವು. ಅವನ್ನೇ ತಂದೆವು.

ಅವ್ವನಿಗೆ ಎಲ್ಲ ವಿವರಿಸಿದೆವು. "ಸಮುದ್ರ ಕಂಡಿಲ್ಲ, ಕಾಳಷ್ಟ ತಿಂತಾವ. ಹಂಗಾರ ನಮ್ಮ ಪೈಕೀನ ಆದ್ವಲ್ಲ!" ಮರುದಿನದಿಂದ ಉಣಿಸುವ ಕೆಲಸ ಅವಳದೇ. ಸ್ನಾನ ಮುಗಿಸಿ, ಪೂಜೆಗೆ ಕೂಡುವ ಮೊದಲು ಒಂದು ಚಿಟಿಕೆ. "ಉಣ್ರವಾ, ಉಣ್ರಿ." ಅಲ್ಲಿಯವರೆಗೆ ಅನ್ನ-ಸಾರಿನಾಚೆ ಹೆಚ್ಚು ಮಾತಿಲ್ಲದ ಅತ್ತೆ-ಸೊಸೆ ಈಗ ಒಟ್ಟಿಗೆ ಕೂತು ನೋಡುತ್ತಿದ್ದರು. ಈ ಮೀನುಗಳಲ್ಲಿ ಹೆಂಡತಿಯೇ ದೊಡ್ಡವಳು, ಗಂಡ ಸಣ್ಣವನು ಎಂದು ತಿಳಿದಾಗ ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದು ನನಗೆ ಈಗಲೂ ನೆನಪಿದೆ. ಆ ನಗುವಿಗಾಗಿ ಇನ್ನೂ ಹತ್ತು ತೊಟ್ಟಿ ತರಲು ನಾನು ಸಿದ್ಧನಿದ್ದೆ.

ಎರಡು ತಿಂಗಳಾದ ಮೇಲೆ ಕಾಳಿನ ಹೊಸ ಡಬ್ಬಿ ತಂದಾಗ ಹೆಂಡತಿ ಅದರ ಮೇಲಿನ ಸಣ್ಣ ಅಕ್ಷರ ಓದಿದಳು. ಮೊದಲ ಸಾಲಿನಲ್ಲೇ ಮೀನಿನ ಪುಡಿ. ಅಡುಗೆಮನೆಗೆ ಬಂದು ನನಗೆ ತೋರಿಸಿದಳು. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ, ಸುಮ್ಮನಿದ್ದುಬಿಡು ಎಂದೆ.

"ಅದೇ ಕೈಯಲ್ಲಿ ಅವ್ರು ಲಿಂಗ ಹಿಡೀತಾರೆ. ಗೊತ್ತಿದ್ದೂ ಸುಮ್ಮನಿರುದಾ? ನಾಳೆಯಿಂದ ನನ್ನ ಕೈಯ ನೀರು ಬೇಡ ಅಂದ್ರೂ ಅಡ್ಡಿಲ್ಲ." ಹೋಗಿ ಹೇಳಿಯೇಬಿಟ್ಟಳು. ನಾನು ಅಡುಗೆಮನೆಯಲ್ಲೇ ನಿಂತಿದ್ದೆ, ಹೇಡಿಯ ಹಾಗೆ.

ಅವ್ವ ಮೊಣಕೈವರೆಗೆ ಕೈ ತೊಳೆದುಕೊಂಡು ಒಳಗೆ ಹೋದಳು. ಎರಡು ದಿನ ತೊಟ್ಟಿಯ ಹತ್ತಿರ ಸುಳಿಯಲಿಲ್ಲ. ಊರಿಗೆ ಟಿಕೆಟ್ ತೆಗಿ ಎನ್ನುತ್ತಾಳೇನೋ ಎಂದು ನನಗೆ ಪುಕಪುಕ.

ಮೂರನೆಯ ಬೆಳಿಗ್ಗೆ ಅವ್ವ ಸ್ನಾನ ಮಾಡಿ ತೊಟ್ಟಿಯ ಮುಂದೆ ಹಾಯುವಾಗ ಮೀನುಗಳೆರಡೂ ಅವಳಿದ್ದ ಕಡೆಯ ಗಾಜಿಗೆ ಬಂದು ನಿಂತವು. ಅವ್ವನೂ ನಿಂತಳು. "ಅವು ಹುಟ್ಟಿದ್ದ ಹಂಗ. ಉಣ್ಣೂದು ಬಿಡಸಾಕ ನಾ ಯಾರು?" ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿ, "ನೀ ಯಾವಾಗಿಂದ ಉಂಡಿಲ್ಲವಾ?"

"ಈ ಮನೇಲಿ... ನೀವು ಬಂದ ಮೇಲೆ ಇಲ್ಲ ಅತ್ತೆ."

ಅವ್ವ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ. ಹೆತ್ತವಳಿಗೆ ಈ ಒಂದು ಮಾತು ಹೇಳಲು ನನಗೆ ಎರಡು ವರ್ಷ ಸಾಲದಾಗಿತ್ತು.

ಭಾನುವಾರ ಅವ್ವ, "ಮಾಡ್ಕೋ" ಎಂದಷ್ಟೇ ಹೇಳಿ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಬಾಗಿಲು ಎಳೆದುಕೊಂಡಳು. ಬಂಗುಡೆಯ ವಾಸನೆ ಬಾಗಿಲ ಸಂದಿಯಿಂದ ಅಲ್ಲಿಗೂ ಹೋಯಿತು. ನಾನು ಹೋಗಿ ನೋಡಿದರೆ ಅವ್ವನ ಮೂಗಿನ ಮೇಲೆ ಸೆರಗು, ಕಣ್ಣಲ್ಲಿ ನೀರು. ತಡೆಯಲಾಗದಿದ್ದರೆ ಕೆಳಗೆ ಹೋಗಿ ಕೂರೋಣವೇ ಎಂದು ಕೇಳಿದೆ.

"ನನ್ನ ಚಿಂತಿ ಬಿಡು. ಅಕಿ ಉಣ್ಣಾಕ ಕುಂತಾಳೇನು? ಹೋಗು, ಹತ್ತಿರ ಕೂಡು. ಒಬ್ಬಾಕಿನ ಉಣಬಾರದು."